ಪಿಎಚ್‌ಪಿ ಫಾರ್‌ಈಚ್: ಕೊನೆಯ ಟೋಕನ್ನಿನ ತೂಕ ಮಾತ್ರ ಯಾಕೆ ತಪ್ಪುತ್ತಿದೆ?

ಆಲ್ದೂರಿನ ಲೆಕ್ಕಿಗ | ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮ ಚಿಕ್ಕಪ್ಪನ ತೋಟ ಆಲ್ದೂರು ಹತ್ತಿರ. ಈಗ ಅರೇಬಿಕಾ ಕೊಯ್ಲು. ಹಣ್ಣು ಕೊಯ್ಯುವವರಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ಸಂಜೆ ಕಣದ ಹತ್ತಿರ ತೂಕ ಹಾಕುತ್ತಾರೆ, ರೈಟರ್ (ತೋಟದ ಗುಮಾಸ್ತರು) ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನಾನು ದೊಡ್ಡ ಮನುಷ್ಯನ ಥರ "ಪುಸ್ತಕ ಬಿಡಿ, ಒಂದು ಪೇಜ್ ಮಾಡಿಕೊಡುತ್ತೇನೆ" ಎಂದೆ. ವೆಬ್ ಪೇಜ್ ಬರೆಯುವ ಪಿಎಚ್‌ಪಿ ಭಾಷೆಯಲ್ಲಿ ಮಾಡಿಯೂ ಕೊಟ್ಟೆ. ರೈಟರ್ ಫೋನಿನಲ್ಲೇ ಕೊಯ್ಯುವವರ ಟೋಕನ್ ನಂಬರ್, ತೂಕ ಒತ್ತುತ್ತಾರೆ. ಶನಿವಾರ ಬಟವಾಡೆ ಪಟ್ಟಿ ತಾನಾಗಿ ಬರುತ್ತದೆ.

ಇವತ್ತು ಬಟವಾಡೆ ಹೊತ್ತಿಗೆ ಜಗಳ ಆಯ್ತು. 15ನೇ ಟೋಕನ್ನಿನ ಹೆಂಗಸು ಗುರುವಾರ 67 ಕೆ.ಜಿ. ಹಾಕಿದ್ದಾರಂತೆ. ಚೀಲದ ಬಾಬ್ತು 1 ಕೆ.ಜಿ. ಕಳೆದರೆ 66 ಬರಬೇಕು. ಪಟ್ಟಿಯಲ್ಲಿ 31 ಅಂತ ಇದೆ. "ನನ್ನ ಕಣ್ಣೆದುರೇ ತೂಕ ಹಾಕಿದ್ದು, ಅರ್ಧ ಎಲ್ಲಿ ಹೋಯ್ತು?" ಎಂದು ಅಲ್ಲೇ ಕೂತುಬಿಟ್ಟರು. ನಾನು ರೈಟರ್ ತಪ್ಪು ಒತ್ತಿದ್ದಾರೆ ಅಂದುಕೊಂಡು ಅವರ ಮೇಲೆ ರೇಗಿದೆ. ಆಮೇಲೆ ಡೇಟಾಬೇಸ್ ತೆಗೆದು ನೋಡಿದರೆ 67 ಅಂತಲೇ ಇದೆ. ಪಾಪ, ಅವರದೇನೂ ತಪ್ಪಿಲ್ಲ.

ಉಳಿದವರ ಲೆಕ್ಕ ಎಲ್ಲಾ ಸರಿಯಾಗಿದೆ. ಇವರೊಬ್ಬರದೇ ಯಾಕೆ? ಡೇಟಾಬೇಸ್‌ನಲ್ಲಿ ಸರಿ, ಪಟ್ಟಿಯಲ್ಲಿ ತಪ್ಪು. ಮಧ್ಯದಲ್ಲಿ ಏನಾಗುತ್ತಿದೆ ಅಂತಲೇ ಗೊತ್ತಾಗುತ್ತಿಲ್ಲ.


ಹಾಸನದ ಹಳೇ ಕೋಡರ್ | ಶನಿವಾರ, ರಾತ್ರಿ 9:58

ಫಾರ್‌ಈಚ್ (ಪಟ್ಟಿಯ ಒಂದೊಂದನ್ನೂ ತಾನೇ ತೆಗೆದುಕೊಡುವ ಲೂಪ್) ಹಾಕಿದ್ದೀಯಾ ಅನ್ಸುತ್ತೆ. ಅದನ್ನು ತೆಗೆದು ಸೊನ್ನೆಯಿಂದ ಕೌಂಟ್‌ವರೆಗೆ ಫಾರ್ ಲೂಪ್ ಹಾಕಪ್ಪ. ಕೆಲಸ ಮುಗೀತು.


ಮೂಡಿಗೆರೆ ಮಳೆ | ಶನಿವಾರ, ರಾತ್ರಿ 10:05

ಕೋಡ್ ನೋಡದೆ ಔಷಧಿ ಬರೆದುಕೊಡಬೇಡಿ ಸಾರ್ 😀

ಲೆಕ್ಕಿಗ, ಕೋಡ್ ಹಾಕು ಮಾರಾಯ. ಪೂರ್ತಿ ಬೇಡ. ತೂಕ ಓದಿದ ಮೇಲೆ ಪಟ್ಟಿ ಬರೆಯುವ ತನಕ ಏನೇನು ಮಾಡುತ್ತೀಯೋ ಅಷ್ಟು ಸಾಕು.


ಆಲ್ದೂರಿನ ಲೆಕ್ಕಿಗ | ಶನಿವಾರ, ರಾತ್ರಿ 10:21

ಒಂದು ದಿನದ ತೂಕಗಳು $ತೂಕ ಎಂಬ ಅರೇಯಲ್ಲಿ, ಅಂದರೆ ಪಟ್ಟಿಯಲ್ಲಿ ಇರುತ್ತವೆ. ಕೀ ಜಾಗದಲ್ಲಿ ಟೋಕನ್ ನಂಬರ್ (ಗುರುವಾರ 3, 7, 12, 15), ವ್ಯಾಲ್ಯೂ ಜಾಗದಲ್ಲಿ ಕೆ.ಜಿ. ಫೋನಿನಲ್ಲಿ ಬರೆಯುತ್ತಿದ್ದೇನೆ, ಕೀವರ್ಡುಗಳನ್ನೂ ಕನ್ನಡ ಅಕ್ಷರದಲ್ಲೇ ಹಾಕಿದ್ದೇನೆ. ಓಡಿಸಿ ನೋಡುವವರು ಅವನ್ನು ಮಾತ್ರ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿಕೊಳ್ಳಿ.

ಫಾರ್‌ಈಚ್ ($ತೂಕ ಆ್ಯಸ್ $ಟೋಕನ್ => &$ಕೆಜಿ) {
    $ಕೆಜಿ = $ಕೆಜಿ - 1;
}

ಇಲ್ಲಿ ಮಧ್ಯೆ ಹೆಡರ್, ತಾರೀಖು, ಟೇಬಲ್ ಅಂತ 40 ಸಾಲು ಇದೆ. ಆಮೇಲೆ:

ಫಾರ್‌ಈಚ್ ($ತೂಕ ಆ್ಯಸ್ $ಟೋಕನ್ => $ಕೆಜಿ) {
    ಎಕೋ $ಟೋಕನ್, $ಕೆಜಿ, $ಕೆಜಿ * 5;
}

ಕೆ.ಜಿ.ಗೆ 5 ರೂಪಾಯಿ ಅನ್ನೋದು ಲೆಕ್ಕ ಸುಲಭವಾಗಲಿ ಅಂತ ಹಾಕಿದ್ದು.

ಇನ್ನೊಂದು ವಿಚಿತ್ರ ಹೇಳಲೇಬೇಕು. ನಿನ್ನೆ 18ನೇ ಟೋಕನ್ ಕೊಟ್ಟು ಹೊಸಬರೊಬ್ಬರನ್ನು ಸೇರಿಸಿಕೊಂಡೆವು. ಶುಕ್ರವಾರದ ಪಟ್ಟಿಯಲ್ಲಿ 15ನೇಯವರ ಲೆಕ್ಕ ಪಕ್ಕಾ ಸರಿಯಾಗಿದೆ. 18ರದ್ದು ತಪ್ಪಾಗಿದೆ! ರೋಗ ಒಬ್ಬರಿಂದ ಇನ್ನೊಬ್ಬರಿಗೆ ಅಂಟಿದ ಹಾಗೆ.


ಬೇಲೂರು ಬೈಟು | ಶನಿವಾರ, ರಾತ್ರಿ 10:24

ಅಣ್ಣಾ, ವೇರಿಯಬಲ್ ಹೆಸರು ಕನ್ನಡದಲ್ಲಿ ಇಟ್ಟರೆ ನಿಜವಾಗಲೂ ಓಡುತ್ತಾ?


ಮೂಡಿಗೆರೆ ಮಳೆ | ಶನಿವಾರ, ರಾತ್ರಿ 10:26

ಓಡುತ್ತೆ. ಪಿಎಚ್‌ಪಿಯಲ್ಲಿ ಹೆಸರಿನೊಳಗೆ ಇಂಗ್ಲಿಷ್ ಅಲ್ಲದ ಅಕ್ಷರಗಳಿಗೂ ಜಾಗ ಇದೆ. ಫೈಲನ್ನು ಯುಟಿಎಫ್-8ನಲ್ಲಿ ಉಳಿಸಿದರೆ ಸಾಕು, $ಕೆಜಿ ಅಂತ ಬರೆದರೆ ಅದು ನಿಜವಾದ ವೇರಿಯಬಲ್ಲೇ. ಜಾವಾಸ್ಕ್ರಿಪ್ಟಿನಲ್ಲೂ ನಡೆಯುತ್ತೆ. ಕೆಲಸದ ಜಾಗದಲ್ಲಿ ಹಾಗೆ ಬರೆದರೆ ಬೈಸಿಕೊಳ್ಳುತ್ತೀಯ, ಅದು ಬೇರೆ ಮಾತು.

ಲೆಕ್ಕಿಗ, ಗುರುವಾರ 12ನೇ ಟೋಕನ್ನಿನವರ ತೂಕ ಎಷ್ಟಿತ್ತು?


ಆಲ್ದೂರಿನ ಲೆಕ್ಕಿಗ | ಶನಿವಾರ, ರಾತ್ರಿ 10:29

ಅವರು ಅರ್ಧ ದಿನ ಬಂದಿದ್ದರು. 32 ಹಾಕಿದ್ದರು, ಚೀಲ ಕಳೆದು 31.

ಅಯ್ಯೋ. 31!


ಮೂಡಿಗೆರೆ ಮಳೆ | ಶನಿವಾರ, ರಾತ್ರಿ 10:30

ಹ್ಞೂಂ. ಕೊನೆಯವರಿಗೆ ಅವರ ಹಿಂದಿನವರ ತೂಕ ಹೋಗುತ್ತಿದೆ. 18 ಬಂದ ಮೇಲೆ 15 ಕೊನೆಯವರಲ್ಲ, ಅದಕ್ಕೇ ಅವರದು ಸರಿಯಾಯ್ತು. ಇದು ಪಿಎಚ್‌ಪಿ ಬರೆಯುವವರೆಲ್ಲಾ ಒಂದಲ್ಲ ಒಂದು ದಿನ ಬೀಳುವ ಹಳ್ಳ. ನಾನು ಟೈಪ್ ಮಾಡುವಷ್ಟರಲ್ಲಿ ಕಡೂರಿನವಳು ಅಕ್ಕ ಬಂದು ಬರೆದಿರುತ್ತಾರೆ, ನೋಡಿ.


ಕಡೂರಿನವಳು | ಶನಿವಾರ, ರಾತ್ರಿ 10:52

ಬಂದೆ 🙂 ಸ್ವಲ್ಪ ಉದ್ದ ಆಗುತ್ತೆ, ಓದಿಕೊಳ್ಳಿ.

ಮೊದಲನೇ ಲೂಪಿನಲ್ಲಿ $ಕೆಜಿ ಮುಂದೆ ಒಂದು & ಇದೆ ಅಲ್ವಾ? ಅದು ಇಲ್ಲದಿದ್ದರೆ ಪ್ರತಿ ಸುತ್ತಿನಲ್ಲೂ ಬೆಲೆಯ ನಕಲು $ಕೆಜಿಗೆ ಬರುತ್ತೆ. ನೀವು ಅದರಲ್ಲಿ 1 ಕಳೆದರೂ ಅರೇಗೆ ಏನೂ ಆಗಲ್ಲ. & ಹಾಕಿದರೆ ನಕಲು ಇಲ್ಲ. ಅರೇಯ ಆ ಮನೆಗೇ $ಕೆಜಿ ಅನ್ನೋದು ಇನ್ನೊಂದು ಹೆಸರಾಗುತ್ತೆ. ಇದನ್ನೇ ರೆಫರೆನ್ಸ್ ಅನ್ನೋದು. ಮನೆಗೂ ಹೆಸರಿಗೂ ಗಂಟು ಹಾಕಿದ ಹಾಗೆ.

ಪ್ರತಿ ಸುತ್ತಿನಲ್ಲೂ ಹಳೇ ಗಂಟು ಬಿಚ್ಚಿ ಮುಂದಿನ ಮನೆಗೆ ಗಂಟು ಬೀಳುತ್ತೆ. ಕೊನೇ ಮನೆಯ ನಂತರ ಮುಂದಿನದು ಇಲ್ಲ. ಲೂಪ್ ಮುಗೀತು, ಗಂಟು ಹಾಗೇ ಉಳೀತು. ಪಿಎಚ್‌ಪಿಯಲ್ಲಿ ಲೂಪಿನ ವೇರಿಯಬಲ್ ಲೂಪ್ ಮುಗಿದ ಮೇಲೂ ಬದುಕಿರುತ್ತೆ. ನಿಮ್ಮ ಆ 40 ಸಾಲಿನುದ್ದಕ್ಕೂ $ಕೆಜಿ ಅಂದರೆ 15ನೇ ಟೋಕನ್ನಿನ ಮನೆಯೇ.

ಈಗ ಎರಡನೇ ಲೂಪ್. ಅಲ್ಲಿ & ಇಲ್ಲ. ಆದರೆ ಹೆಸರು ಮತ್ತೆ $ಕೆಜಿ. ಪ್ರತಿ ಸುತ್ತಿನಲ್ಲೂ ಪಿಎಚ್‌ಪಿ ಒಂದೊಂದು ಬೆಲೆ ತೆಗೆದು $ಕೆಜಿಗೆ ಹಾಕುತ್ತೆ. $ಕೆಜಿಗೆ ಹಾಕಿದ್ದು ಸೀದಾ ಕೊನೇ ಮನೆಗೆ ಹೋಗಿ ಬೀಳುತ್ತೆ!

ನಾಲ್ಕೇ ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ಚೀಲ ಕಳೆದ ಮೇಲೆ ತೂಕಗಳು 61, 47, 70, 54.

ಮೊದಲನೇ ಸುತ್ತು: 61 ಓದಿತು, ಕೊನೇ ಮನೆಗೆ 61 ಬಿತ್ತು. ಅರೇ ಈಗ 61, 47, 70, 61.
ಎರಡನೇ ಸುತ್ತು: 47 ಓದಿತು. ಅರೇ 61, 47, 70, 47.
ಮೂರನೇ ಸುತ್ತು: 70 ಓದಿತು. ಅರೇ 61, 47, 70, 70.
ನಾಲ್ಕನೇ ಸುತ್ತು: ಕೊನೇ ಮನೆ ಓದಿದರೆ ಅಲ್ಲಿ ಆಗಲೇ 70 ಕೂತಿದೆ. 54 ಅಳಿಸಿ ಹೋಗಿ ಎಷ್ಟೋ ಹೊತ್ತಾಯ್ತು.

ಟೋಕನ್ ನಂಬರ್ ಮಾತ್ರ ಸರಿಯಾಗಿ ಬರುತ್ತೆ, ಯಾಕೆಂದರೆ ಕೀಗೆ ರೆಫರೆನ್ಸ್ ಇಲ್ಲ. ಅದಕ್ಕೇ ಪಟ್ಟಿ ನೋಡಲು ಸಾಚಾ ಥರ ಕಾಣುತ್ತೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ನಂಬಿಕೆ ಬರದಿದ್ದರೆ ಮೊದಲನೇ ಲೂಪ್ ಮುಗಿದ ತಕ್ಷಣ ವಾರ್_ಡಂಪ್ ಹಾಕಿ ಅರೇಯೊಳಗೆ ಏನಿದೆ ಅಂತ ನೋಡಿ. ಕೊನೇ ಬೆಲೆಯ ಮುಂದೆ ಮಾತ್ರ ಒಂದು & ಕಾಣುತ್ತೆ. ಅದೇ ಬಿಚ್ಚದ ಗಂಟು.

ಮದ್ದು ಒಂದೇ ಸಾಲು. ಮೊದಲನೇ ಲೂಪಿನ ಕೆಳಗೆ:

ಅನ್‌ಸೆಟ್($ಕೆಜಿ);

ಇದು ಅರೇಯ ಮನೆಯನ್ನು ಅಳಿಸಲ್ಲ, ಹೆದರಬೇಡಿ. ಹೆಸರನ್ನು ಮಾತ್ರ ಬಿಡಿಸುತ್ತೆ. ಪಿಎಚ್‌ಪಿ ಮ್ಯಾನುಯಲ್ಲಿನಲ್ಲೂ ಫಾರ್‌ಈಚ್ ಪುಟದಲ್ಲೇ ಈ ಎಚ್ಚರಿಕೆ ಇದೆ. ನಾವು ಯಾರೂ ಓದಲ್ಲ, ಅಷ್ಟೇ.


ಆಲ್ದೂರಿನ ಲೆಕ್ಕಿಗ | ಶನಿವಾರ, ರಾತ್ರಿ 11:04

ಅಕ್ಕಾ, ವಾರ್_ಡಂಪ್ ಹಾಕಿದೆ. ಕೊನೆಯದರ ಮುಂದೆ & ಇದೆ. ಮೈ ಜುಂ ಅಂತು.

ಒಂದು ಅನುಮಾನ. ಈ ಪೇಜ್ ಮೂರು ವಾರದಿಂದ ಓಡುತ್ತಿದೆ. ಇಷ್ಟು ದಿನ ಯಾರೂ ಯಾಕೆ ಹೇಳಲಿಲ್ಲ?


ಮೂಡಿಗೆರೆ ಮಳೆ | ಶನಿವಾರ, ರಾತ್ರಿ 11:07

ಹಿಂದಿನವರು ಜಾಸ್ತಿ ಕೊಯ್ದ ದಿನ ಕೊನೆಯವರಿಗೆ ಜಾಸ್ತಿ ದುಡ್ಡು ಬಂದಿರುತ್ತೆ ಮಾರಾಯ. ಅಕ್ಕನ ಲೆಕ್ಕದಲ್ಲೇ ನೋಡು, 54ಕ್ಕೆ 70 ಬಂತು. 16 ಕೆ.ಜಿ. ಮೇಲೆ, 80 ರೂಪಾಯಿ ಲಾಭ. ಜಾಸ್ತಿ ಬಂದರೆ ಯಾರು ತಕರಾರು ತೆಗೀತಾರೆ? ನಾನಂತೂ ತೆಗೆಯಲ್ಲ. ಕಮ್ಮಿ ಬಂದ ದಿನ ಸಿಕ್ಕಿಬಿದ್ದೆ.


ಹಾಸನದ ಹಳೇ ಕೋಡರ್ | ಶನಿವಾರ, ರಾತ್ರಿ 11:15

ಅದಕ್ಕೇ ಹೇಳಿದ್ದು, ಫಾರ್ ಲೂಪ್ ಹಾಕು ಅಂತ. ರೆಫರೆನ್ಸೂ ಇಲ್ಲ, ಗಂಟೂ ಇಲ್ಲ.


ಕಡೂರಿನವಳು | ಶನಿವಾರ, ರಾತ್ರಿ 11:23

ಸಾರ್, ಇವರ ಕೀಗಳು 0, 1, 2 ಅಲ್ಲ. 3, 7, 12, 15. ಸೊನ್ನೆಯಿಂದ ಎಣಿಸಿದರೆ ನಾಲ್ಕು ಸುತ್ತಿನಲ್ಲಿ 3ನೇ ಟೋಕನ್ ಒಂದೇ ಸಿಗುತ್ತೆ. ಉಳಿದ ಮೂರು ಸುತ್ತಿಗೂ "ಅನ್‌ಡಿಫೈನ್ಡ್ ಅರೇ ಕೀ" ಅಂತ ವಾರ್ನಿಂಗ್. 7, 12, 15ರವರಿಗೆ ಕೂಲಿಯೇ ಇಲ್ಲ.

ಪಿಎಚ್‌ಪಿಯ ಅರೇ ಬೇರೆ ಭಾಷೆಗಳ ಅರೇ ಥರ ಅಲ್ಲ. ಅದು ಕ್ರಮ ನೆನಪಿಟ್ಟುಕೊಳ್ಳುವ ಕೀ-ವ್ಯಾಲ್ಯೂ ಪಟ್ಟಿ. ಕೀಗಳ ಮಧ್ಯೆ ಎಷ್ಟು ಖಾಲಿ ಬಿಟ್ಟರೂ ನಡೆಯುತ್ತೆ. ಸೊನ್ನೆಯಿಂದ ಶುರುವಾದ ಅರೇಯಲ್ಲೂ ಮಧ್ಯದ ಒಂದನ್ನು ಅನ್‌ಸೆಟ್ ಮಾಡಿದರೆ ಆ ನಂಬರ್ ಖಾಲಿ ಬೀಳುತ್ತೆ, ಹಿಂದಿನವು ಮುಂದೆ ಸರಿಯಲ್ಲ. ಅರೇ_ವ್ಯಾಲ್ಯೂಸ್ ಹಾಕಿದರೆ ಹೊಸದಾಗಿ 0, 1, 2 ಬರುತ್ತೆ, ನಿಜ. ಆದರೆ ಆಗ ಟೋಕನ್ ನಂಬರ್ ಕಳೆದುಹೋಗುತ್ತೆ. ಇಲ್ಲಿ ಬೇಕಾಗಿರೋದೇ ಟೋಕನ್.


ಹಾಸನದ ಹಳೇ ಕೋಡರ್ | ಶನಿವಾರ, ರಾತ್ರಿ 11:31

ಒಪ್ಪಿದೆ ಮೇಡಂ. ಕೀ ನೋಡಲಿಲ್ಲ, ನನ್ನ ತಪ್ಪು.

ಆದರೂ ನನಗೆ ಫಾರ್‌ಈಚ್ ಮೇಲೆ ಯಾಕೆ ಅನುಮಾನ ಅಂದರೆ ಕೇಳಿ. ನಾನು 2009ರಲ್ಲಿ ಹಾಸನದ ಒಂದು ಬಿತ್ತನೆ ಆಲೂಗಡ್ಡೆ ಅಂಗಡಿಗೆ ಬಿಲ್ಲಿಂಗ್ ಪೇಜ್ ಬರೆದುಕೊಟ್ಟಿದ್ದೆ. ಆಗ ನಮಗೆ ಕಲಿಸಿದ್ದೇ ವೈಲ್, ಲಿಸ್ಟ್, ಈಚ್ ಮೂರನ್ನೂ ಸೇರಿಸಿ ಸುತ್ತೋದು. ಈಚ್ ಅನ್ನೋದು ಅರೇಯೊಳಗಿನ ಒಂದು ಮುಳ್ಳನ್ನು ಮುಂದೆ ಮುಂದೆ ತಳ್ಳುತ್ತೆ. ಒಂದು ಸಲ ಕೊನೆ ಮುಟ್ಟಿದರೆ ಅದು ಅಲ್ಲೇ ನಿಲ್ಲುತ್ತೆ. ರೀಸೆಟ್ ಮಾಡದೆ ಎರಡನೇ ಲೂಪ್ ಬರೆದರೆ ಆ ಲೂಪ್ ಒಂದು ಸುತ್ತೂ ಓಡಲ್ಲ. ಆ ಪಾಠವನ್ನು ಬಿಲ್ಲಿನ ಒಟ್ಟು ಮೊತ್ತ ಸೊನ್ನೆ ಬಂದ ದಿನ ಕಲಿತೆ.

ಆಮೇಲೆ ವರ್ಷಗಟ್ಟಲೆ ತಂಟೆ ಇಲ್ಲದೆ ಓಡಿತು. ಒಂದು ಮೇ ತಿಂಗಳು, ಬಿತ್ತನೆ ಗಡ್ಡೆಗೆ ರೈತರು ಸಾಲು ನಿಂತಿರುವಾಗ ಅಂಗಡಿಯವರ ಫೋನ್. "ಪೇಜ್ ಬಿಳೀ ಆಗಿದೆ, ಏನೂ ಕಾಣ್ತಿಲ್ಲ." ಹೋಸ್ಟಿಂಗ್‌ನವರು ಪಿಎಚ್‌ಪಿ 8ಕ್ಕೆ ಏರಿಸಿದ್ದರು. ಈಚ್ ಅನ್ನೋ ಫಂಕ್ಷನ್ನೇ ಅದರಲ್ಲಿ ಇಲ್ಲ. ಆ ದಿನ ಕಾರ್ಬನ್ ಹಾಳೆ ಇಟ್ಟು ಕೈಯಲ್ಲಿ ಬಿಲ್ ಬರೆದರು. ನಾನು ಗೊರೂರು ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಫೋನಿನಲ್ಲೇ ಎಲ್ಲವನ್ನೂ ಫಾರ್‌ಈಚ್‌ಗೆ ಬದಲಿಸಿದೆ. ಹನ್ನೊಂದು ಲೂಪ್.


ಸಕಲೇಶಪುರ ಘಾಟಿ | ಶನಿವಾರ, ರಾತ್ರಿ 11:40

ಈಚ್‌ಗೆ 7.2ರಲ್ಲೇ ನೋಟಿಸ್ ಕೊಟ್ಟಿದ್ದರು ಸಾರ್, 2017ರಲ್ಲಿ. 8.0 ಬಂದಿದ್ದು 2020ರ ನವೆಂಬರ್. ಮೂರು ವರ್ಷ ಟೈಮ್ ಇತ್ತು.


ಹಾಸನದ ಹಳೇ ಕೋಡರ್ | ಶನಿವಾರ, ರಾತ್ರಿ 11:42

ಲಾಗ್ ನೋಡಿದ್ದರೆ ತಾನೇ ಗುರು.


ಬೇಲೂರು ಬೈಟು | ಭಾನುವಾರ, ಬೆಳಿಗ್ಗೆ 7:50

ನಾನು ಡಿಗ್ರಿ ಓದುತ್ತಿದ್ದೇನೆ, ತಪ್ಪು ಕೇಳಿದರೆ ಬೈಯಬೇಡಿ. & ಹಾಕಿದರೆ ಅರೇ ನಕಲಾಗಲ್ಲ, ಹಾಗಾಗಿ ಲೂಪ್ ವೇಗವಾಗಿ ಓಡುತ್ತೆ, ಮೆಮೊರಿ ಉಳಿಯುತ್ತೆ ಅಂತ ನಮಗೆ ಹೇಳಿದ್ದಾರೆ. ಅದಕ್ಕೆ ಎಲ್ಲಾ ಲೂಪಿಗೂ & ಹಾಕುತ್ತಿದ್ದೆ. ಈಗ ಎಲ್ಲಾ ತೆಗೆಯಬೇಕಾ?


ಕಡೂರಿನವಳು | ಭಾನುವಾರ, ಬೆಳಿಗ್ಗೆ 8:15

ಬೈಯೋದು ಯಾಕೆ, ಒಳ್ಳೇ ಪ್ರಶ್ನೆ. ಪಿಎಚ್‌ಪಿ ಅರೇಯನ್ನು ಸುಮ್ನೆ ನಕಲು ಮಾಡಲ್ಲ. ಎರಡು ಹೆಸರು ಒಂದೇ ಅರೇಯನ್ನು ಹಂಚಿಕೊಂಡಿರುತ್ತವೆ. ಯಾರಾದರೂ ಒಬ್ಬರು ಬರೆಯಲು ಕೈ ಹಾಕಿದಾಗ ಮಾತ್ರ ನಕಲಾಗುತ್ತೆ. ಬರೀ ಓದುವ ಲೂಪಿಗೆ & ಹಾಕಿದರೆ ಏನೂ ಉಳಿಯಲ್ಲ, ಎಷ್ಟೋ ಸಲ ಇನ್ನೂ ನಿಧಾನ ಆಗುತ್ತೆ. ತೆಗೆದುಬಿಡಿ.

ನನ್ನನ್ನು ಕೇಳಿದರೆ ಲೆಕ್ಕಿಗರ ಮೊದಲನೇ ಲೂಪಿಗೂ & ಬೇಕಿರಲಿಲ್ಲ. ಹೀಗೆ ಬರೆಯಬಹುದಿತ್ತು:

$ನಿವ್ವಳ = [];
ಫಾರ್‌ಈಚ್ ($ತೂಕ ಆ್ಯಸ್ $ಟೋಕನ್ => $ಕೆಜಿ) {
    $ನಿವ್ವಳ[$ಟೋಕನ್] = $ಕೆಜಿ - 1;
}

ತಕ್ಕಡಿ ತೋರಿಸಿದ ತೂಕ $ತೂಕದಲ್ಲಿ ಹಾಗೇ ಉಳಿಯುತ್ತೆ. ಚೀಲ ಕಳೆದದ್ದು $ನಿವ್ವಳದಲ್ಲಿ. ನಾಳೆ ಯಾರಾದರೂ ಬಂದು "ನನ್ನ 67 ಎಲ್ಲಿ" ಅಂದರೆ ಎರಡನ್ನೂ ಪಕ್ಕಪಕ್ಕ ತೋರಿಸಬಹುದು. ಮೂಲ ಲೆಕ್ಕದ ಮೇಲೇ ತಿದ್ದೋದು ಪುಸ್ತಕದಲ್ಲೂ ತಪ್ಪು, ಅರೇಯಲ್ಲೂ ತಪ್ಪು. ನಮ್ಮ ತಂದೆ ಅಡಿಕೆ ವ್ಯಾಪಾರದ ಲೆಕ್ಕ ಬರೆಯುತ್ತಿದ್ದರು. ತಪ್ಪಾದರೆ ಗೀಟು ಹಾಕಿ ಪಕ್ಕದಲ್ಲಿ ಬರೆಯುತ್ತಿದ್ದರು, ಅಳಿಸುತ್ತಿರಲಿಲ್ಲ.


ಮೂಡಿಗೆರೆ ಮಳೆ | ಭಾನುವಾರ, ಬೆಳಿಗ್ಗೆ 8:32

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅನ್‌ಸೆಟ್ ಮದ್ದು ಸರಿ, ಆದರೆ ಅದನ್ನು ನೆನಪಿಟ್ಟು ಬರೆಯಬೇಕು. ಮನುಷ್ಯ ಮರೆಯುತ್ತಾನೆ. & ಬೇಕೇ ಬೇಕು ಅನ್ನುವವರು ಆ ಲೂಪನ್ನು ಒಂದು ಫಂಕ್ಷನ್ ಒಳಗೆ ಹಾಕಿ. ಫಂಕ್ಷನ್ ಮುಗಿದ ಕೂಡಲೇ ಅದರೊಳಗಿನ ಹೆಸರುಗಳೆಲ್ಲಾ ಹೋಗುತ್ತವೆ, ಗಂಟೂ ತಾನಾಗಿ ಬಿಚ್ಚಿಕೊಳ್ಳುತ್ತೆ.

ಇಲ್ಲವೇ ಅರೇ_ಮ್ಯಾಪ್, ಅಂದರೆ ಪ್ರತಿ ಬೆಲೆಯನ್ನೂ ಒಂದು ಫಂಕ್ಷನ್ನಿಗೆ ಕೊಟ್ಟು ಹೊಸ ಅರೇ ಮಾಡಿಕೊಳ್ಳೋದು. ಒಂದೇ ಅರೇ ಕೊಟ್ಟರೆ ಅದು ಕೀಗಳನ್ನು ಹಾಗೇ ಉಳಿಸಿಕೊಡುತ್ತೆ. ನನಗೆ ಅದೇ ಇಷ್ಟ, ಒಂದೇ ಸಾಲು.


ಹಾಸನದ ಹಳೇ ಕೋಡರ್ | ಭಾನುವಾರ, ಬೆಳಿಗ್ಗೆ 8:40

ಅರೇ_ಮ್ಯಾಪ್ ಓದಲು ನನಗೆ ಕಷ್ಟ. ಒಳಗೆ ಫಂಕ್ಷನ್, ಅದರೊಳಗೆ ಬಾಣ. ರೈಟರಿಗೆ ಕೂತು ತೋರಿಸಬೇಕಾದರೆ ಫಾರ್‌ಈಚೇ ವಾಸಿ.


ಮೂಡಿಗೆರೆ ಮಳೆ | ಭಾನುವಾರ, ಬೆಳಿಗ್ಗೆ 8:41

ನಿನ್ನೆ ಫಾರ್‌ಈಚ್ ಬೇಡ ಅಂದವರು ನೀವೇ ಅಲ್ವಾ ಸಾರ್ 😂


ಸಕಲೇಶಪುರ ಘಾಟಿ | ಭಾನುವಾರ, ಬೆಳಿಗ್ಗೆ 9:20

ಲೆಕ್ಕಿಗರೇ, ಟೋಕನ್ ನಂಬರ್ ಕೀ ಆಗಿರೋದರಿಂದ ಇನ್ನೊಂದು ಕಡೆ ನೋಡಿಕೊಳ್ಳಿ. ರೈಟರ್ ಫಾರಂನಲ್ಲಿ 8 ಅಂತ ಒತ್ತುತ್ತಾರಾ, 08 ಅಂತಲಾ? ಫಾರಂನಿಂದ ಬರೋದೆಲ್ಲಾ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. "8" ಎಂಬ ಸ್ಟ್ರಿಂಗ್ ಕೀ ಆದರೆ ಪಿಎಚ್‌ಪಿ ಅದನ್ನು 8 ಎಂಬ ಸಂಖ್ಯೆ ಮಾಡಿಕೊಳ್ಳುತ್ತೆ. "08" ಮಾತ್ರ ಸ್ಟ್ರಿಂಗ್ ಆಗಿಯೇ ಉಳಿಯುತ್ತೆ. ಬೆಳಿಗ್ಗೆ 8, ಸಂಜೆ 08 ಒತ್ತಿದರೆ ಒಬ್ಬರೇ ಮನುಷ್ಯರಿಗೆ ಎರಡು ಮನೆ. ಲೂಪ್ ಎರಡನ್ನೂ ಬೇರೆ ಬೇರೆ ಸಾಲಾಗಿ ಬರೆಯುತ್ತೆ.

ನಮ್ಮ ಕಡೆ ಒಂದು ಏಲಕ್ಕಿ ಲೆಕ್ಕದಲ್ಲಿ ಹೀಗೇ ಆಗಿ ಒಬ್ಬರ ಹೆಸರು ಎರಡು ಸಲ ಬಂದಿತ್ತು. ಅರೇಗೆ ಹಾಕುವ ಮೊದಲೇ ಇಂಟ್ (ಪೂರ್ಣಸಂಖ್ಯೆ) ಮಾಡಿಕೊಳ್ಳಿ.


ಆಲ್ದೂರಿನ ಲೆಕ್ಕಿಗ | ಭಾನುವಾರ, ಬೆಳಿಗ್ಗೆ 10:10

ಘಾಟಿಯವರೇ, ಈಗಷ್ಟೇ ನೋಡಿದೆ. 03, 07 ಅಂತ ಎರಡು ಇದ್ದವು! ರೈಟರ್ ಹಳೇ ಚೆಕ್‌ರೋಲ್ (ಹಾಜರಿ ಪುಸ್ತಕ) ಅಭ್ಯಾಸದಲ್ಲಿ ಸೊನ್ನೆ ಹಾಕುತ್ತಾರೆ. ಒಂದೊಂದು ದಿನ ಹಾಕುತ್ತಾರೆ, ಒಂದೊಂದು ದಿನ ಇಲ್ಲ. ಒಂದೇ ದಿನದಲ್ಲಿ ಎರಡು ಥರ ಒತ್ತಿಲ್ಲ ಅಂತ ಬಚಾವಾದೆ. ಇಂಟ್ ಹಾಕಿದ್ದೇನೆ.

ಅಕ್ಕ ಹೇಳಿದ ಹಾಗೆ $ನಿವ್ವಳ ಅಂತ ಬೇರೆ ಅರೇಯನ್ನೂ ಮಾಡಿದೆ. ಮೂರು ವಾರದ ಪಟ್ಟಿಯನ್ನು ಮತ್ತೆ ತೆಗೆಯುತ್ತಿದ್ದೇನೆ. ಅದರಲ್ಲಿ ಒಂದು ಭಾನುವಾರ ಮಳೆ ಬಂದು ಕೊಯ್ಲು ಇರಲಿಲ್ಲ. ಆ ದಿನಕ್ಕೆ ಬಂದಾಗ ಫಾರ್‌ಈಚ್ ವಾರ್ನಿಂಗ್ ಕೊಡುತ್ತದೆ, ಅರೇ ಅಲ್ಲ ಏನೋ ಕೊಟ್ಟಿದ್ದೀಯ ಅಂತ.


ಮೂಡಿಗೆರೆ ಮಳೆ | ಭಾನುವಾರ, ಬೆಳಿಗ್ಗೆ 10:14

ಕೊಯ್ಲು ಹೊತ್ತಿನಲ್ಲಿ ಬರುವ ಮಳೆಗೆ ಕೋಡೂ ಹೆದರುತ್ತೆ. ಕಣದಲ್ಲಿ ಹರಡಿದ ಕಾಫಿ ಏನಾಯ್ತು?

ಆ ದಿನಕ್ಕೆ ನಲ್, ಅಂದರೆ 'ಏನೂ ಇಲ್ಲ' ಅನ್ನೋದು ಬರುತ್ತಿದೆ. ಖಾಲಿ ಅರೇ ಕೊಟ್ಟರೆ ಫಾರ್‌ಈಚ್ ಸುಮ್ನೆ ಮುಂದೆ ಹೋಗುತ್ತೆ, ನಲ್ ಕೊಟ್ಟರೆ ಗೊಣಗುತ್ತೆ. $ತೂಕ ?? [] ಅಂತ ಬರೆ, ನಲ್ ಇದ್ದರೆ ಅದರ ಬದಲು ಖಾಲಿ ಅರೇ ಸಿಗುತ್ತೆ. ಎರಡು ಪ್ರಶ್ನೆ ಚಿಹ್ನೆ ಪಿಎಚ್‌ಪಿ 7ರಿಂದ ಇದೆ, ಅಂದರೆ 2015ರಿಂದ.


ಆಲ್ದೂರಿನ ಲೆಕ್ಕಿಗ | ಭಾನುವಾರ, ಬೆಳಿಗ್ಗೆ 10:20

ಟಾರ್ಪಾಲ್ ಹೊದಿಸಿದೆವು, ಅರ್ಧ ನೆಂದಿತು. ಆ ಕತೆ ಬೇಡ.

ಇನ್ನೊಂದೇ ಒಂದು ಪ್ರಶ್ನೆ. ಚಿಕ್ಕಪ್ಪನ ಫೋನಿಗೆ ಬೇರೆ ಒಂದು ಪೇಜ್ ಇದೆ. ಜಾಸ್ತಿ ಕೊಯ್ದವರು ಮೇಲೆ, ಕಮ್ಮಿಯವರು ಕೆಳಗೆ ಬರಬೇಕು. ಪಿಎಚ್‌ಪಿಯಲ್ಲಿ ಎಆರ್‌ಸಾರ್ಟ್ ಮಾಡಿ (ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ) ಜೇಸನ್ ಎಂಬ ಪಠ್ಯ ರೂಪದಲ್ಲಿ ಕಳಿಸುತ್ತೇನೆ. ಪಿಎಚ್‌ಪಿಯಲ್ಲಿ ಪ್ರಿಂಟ್ ಮಾಡಿದರೆ ಕ್ರಮ ಸರಿಯಾಗಿದೆ. ಫೋನಿನಲ್ಲಿ ಜಾವಾಸ್ಕ್ರಿಪ್ಟ್ ಲೂಪ್ ಹಾಕಿದರೆ ಮತ್ತೆ 3, 7, 12, 15 ಅಂತ ಟೋಕನ್ ಕ್ರಮಕ್ಕೇ ಬರುತ್ತದೆ. ಇಲ್ಲೂ ರೆಫರೆನ್ಸ್ ಕಾಟವಾ?


ಕಡೂರಿನವಳು | ಭಾನುವಾರ, ಮಧ್ಯಾಹ್ನ 12:35

ಅಲ್ಲ, ಇದು ಬೇರೆ ರೋಗ. ಊಟಕ್ಕೆ ಮೊದಲು ಬರೆದುಬಿಡುತ್ತೇನೆ.

ನಿಮ್ಮ ಕೀಗಳು 0, 1, 2 ಅಂತ ಸಾಲಾಗಿ ಇಲ್ಲವಲ್ಲ. ಹಾಗಾಗಿ ಜೇಸನ್ ಮಾಡುವಾಗ ಪಿಎಚ್‌ಪಿ ಅದನ್ನು ಪಟ್ಟಿ ಮಾಡಲ್ಲ, ಆಬ್ಜೆಕ್ಟ್ (ಕೀ-ವ್ಯಾಲ್ಯೂ ಜೋಡಿಗಳ ಗುಂಪು) ಮಾಡುತ್ತೆ. ಕಳಿಸುವಾಗ ಕ್ರಮ ಸರಿಯಾಗಿಯೇ ಇರುತ್ತೆ. ಆದರೆ ಜಾವಾಸ್ಕ್ರಿಪ್ಟಿನ ಆಬ್ಜೆಕ್ಟಿಗೆ ಒಂದು ಗುಣ ಇದೆ. ಸಂಖ್ಯೆಯ ಥರದ ಕೀಗಳನ್ನು ಅದು ಯಾವಾಗಲೂ ಚಿಕ್ಕದರಿಂದ ದೊಡ್ಡದಕ್ಕೆ ಕೊಡುತ್ತೆ. ನೀವು ಯಾವ ಕ್ರಮದಲ್ಲಿ ಹಾಕಿದಿರಿ ಅಂತ ಕೇಳಲ್ಲ. ಸಂಖ್ಯೆಯ ಥರ ಇಲ್ಲದ ಸ್ಟ್ರಿಂಗ್ ಕೀ ಆದರೆ ಹಾಕಿದ ಕ್ರಮ ಉಳಿಯುತ್ತೆ.

ಹಾಗಾಗಿ ಆಬ್ಜೆಕ್ಟ್ ಕಳಿಸಬೇಡಿ. ಪ್ರತಿಯೊಬ್ಬರಿಗೂ ಟೋಕನ್, ಕೆಜಿ ಎರಡೂ ಇರುವ ಒಂದೊಂದು ಚಿಕ್ಕ ಅರೇ ಮಾಡಿ, ಅವನ್ನು ಒಂದು ದೊಡ್ಡ ಪಟ್ಟಿಗೆ ಒಂದರ ಹಿಂದೆ ಒಂದು ಸೇರಿಸಿ ಕಳಿಸಿ. ಪಟ್ಟಿಯ ಕ್ರಮವನ್ನು ಜಾವಾಸ್ಕ್ರಿಪ್ಟ್ ಮುಟ್ಟಲ್ಲ.

ಅರೇ_ಫಿಲ್ಟರ್ ಹಾಕುವವರಿಗೂ ಇದೇ ತೊಂದರೆ. ಅದು ಬೇಡದವನ್ನು ತೆಗೆದು ಹಳೇ ಕೀಗಳನ್ನೇ ಉಳಿಸುತ್ತೆ. ಮಧ್ಯೆ ಖಾಲಿ ಬಿದ್ದ ತಕ್ಷಣ ಜೇಸನ್ ಪಟ್ಟಿ ಹೋಗಿ ಆಬ್ಜೆಕ್ಟ್ ಆಗುತ್ತೆ. ನಿನ್ನೆ ತನಕ ಓಡುತ್ತಿದ್ದ ಪೇಜ್ ಇವತ್ತು ನಿಲ್ಲುತ್ತೆ. ಅಲ್ಲಿಗೆ ಅರೇ_ವ್ಯಾಲ್ಯೂಸ್ ಸರಿಯಾದ ಮದ್ದು.


ಬೇಲೂರು ಬೈಟು | ಭಾನುವಾರ, ಮಧ್ಯಾಹ್ನ 1:10

ಅಕ್ಕಾ, ಆ ಕೊನೆಯ ಟೋಕನ್ ಥರದ ತಪ್ಪು ಜಾವಾಸ್ಕ್ರಿಪ್ಟಿನಲ್ಲೂ ಆಗುತ್ತಾ?


ಕಡೂರಿನವಳು | ಭಾನುವಾರ, ಮಧ್ಯಾಹ್ನ 2:30

ಆ ಥರ ಆಗಲ್ಲ. ಫಾರ್-ಆಫ್ ಲೂಪಿನಲ್ಲಿ ಸಂಖ್ಯೆಯ ನಕಲೇ ಬರೋದು, ಅದನ್ನು ಎಷ್ಟು ಬದಲಿಸಿದರೂ ಅರೇ ಅಲ್ಲಾಡಲ್ಲ. ಲೆಟ್ ಹಾಕಿದರೆ ಆ ಹೆಸರು ಲೂಪಿನ ಹೊರಗೆ ಉಳಿಯೋದೂ ಇಲ್ಲ. ಅರೇಯೊಳಗೆ ಆಬ್ಜೆಕ್ಟ್ ಇದ್ದರೆ ಮಾತ್ರ ಹುಷಾರು. ಲೂಪಿನಲ್ಲಿ ಅದರ ಒಳಗಿನದನ್ನು ತಿದ್ದಿದರೆ ಮೂಲವೇ ತಿದ್ದಿಹೋಗುತ್ತೆ.

ಅಲ್ಲಿನ ಹಳ್ಳವೇ ಬೇರೆ. ಅರೇಗೆ ಫಾರ್-ಇನ್ ಹಾಕಬೇಡ, ಫಾರ್-ಆಫ್ ಹಾಕು. ಫಾರ್-ಇನ್ ಕೊಡೋದು ಬೆಲೆ ಅಲ್ಲ, ಕೀ. ಅದೂ ಸ್ಟ್ರಿಂಗ್. ಸಾಲಿನ ನಂಬರ್ ತೋರಿಸೋಣ ಅಂತ ಅದಕ್ಕೆ 1 ಕೂಡಿದರೆ 1 ಬರಲ್ಲ, 01 ಬರುತ್ತೆ. ಹತ್ತನೇ ಸಾಲಿಗೆ 91!


ಹಾಸನದ ಹಳೇ ಕೋಡರ್ | ಭಾನುವಾರ, ಮಧ್ಯಾಹ್ನ 2:44

ಈ ಗಂಟಿನ ಚರಿತ್ರೆ ಹುಡುಗನಿಗೆ ಗೊತ್ತಿರಲಿ. ಫಾರ್‌ಈಚ್ ಬಂದಿದ್ದು ಪಿಎಚ್‌ಪಿ 4ರಲ್ಲಿ, 2000ನೇ ಇಸವಿ. ಆಗ ಅದಕ್ಕೆ & ಇರಲಿಲ್ಲ. ಅರೇಯನ್ನು ತಿದ್ದಬೇಕು ಅಂದರೆ ಕೀ ಹಿಡಿದು ಮೂಲಕ್ಕೆ ಬರೆಯಬೇಕಿತ್ತು. 2004ರಲ್ಲಿ ಪಿಎಚ್‌ಪಿ 5 ಬಂದಾಗ & ಕೊಟ್ಟರು. ನಾವೆಲ್ಲಾ ಕುಣಿದಾಡಿದೆವು. ಅವತ್ತಿನಿಂದ ಈ ಕೊನೇ ಸಾಲಿನ ಕತೆ ನಡೆದೇ ಇದೆ.


ಮೂಡಿಗೆರೆ ಮಳೆ | ಭಾನುವಾರ, ಮಧ್ಯಾಹ್ನ 2:50

ಲೂಪ್ ಬಿಡಿ, ನನಗೆ ಬೇರೆ ಪ್ರಶ್ನೆ. ಲೆಕ್ಕಿಗ, ತಪ್ಪು ತಿಳಿಯಬೇಡ. ಈಗ ಎಲ್ಲಾ ಕಡೆ ಹಗುರದ ಪ್ಲಾಸ್ಟಿಕ್ ಚೀಲ. ಅದಕ್ಕೆ 1 ಕೆ.ಜಿ. ಕಳೆಯೋದು ಯಾವ ನ್ಯಾಯ? ಗೋಣಿಚೀಲದ ಕಾಲದ ಲೆಕ್ಕ ಅಲ್ವಾ ಅದು?


ಆಲ್ದೂರಿನ ಲೆಕ್ಕಿಗ | ಭಾನುವಾರ, ಮಧ್ಯಾಹ್ನ 3:05

ಗೊತ್ತಿಲ್ಲ ಮಾರಾಯ. ರೈಟರ್ ಪುಸ್ತಕದಲ್ಲಿ ಹಾಗೇ ಇತ್ತು, ನಾನು ಹಾಗೇ ಕೋಡ್ ಮಾಡಿದೆ.


ಆಲ್ದೂರಿನ ಲೆಕ್ಕಿಗ | ಸೋಮವಾರ, ರಾತ್ರಿ 8:30

ವರದಿ ಒಪ್ಪಿಸಲು ಬಂದೆ.

ಮೂರು ವಾರದ ಪಟ್ಟಿ ಹೊಸ ಕೋಡಿನಲ್ಲಿ ತೆಗೆದು ಹಳೆಯದರ ಪಕ್ಕ ಇಟ್ಟೆ. 15ನೇಯವರಿಗೆ ಗುರುವಾರ 35 ಕೆ.ಜಿ. ಕಮ್ಮಿ ಬಿದ್ದಿತ್ತು, 175 ರೂಪಾಯಿ. ಬೆಳಿಗ್ಗೆ ಕೆಲಸ ಶುರುವಾಗುವ ಮೊದಲೇ ಕೊಟ್ಟು "ತಪ್ಪು ನಂದು, ರೈಟರದ್ದಲ್ಲ" ಎಂದು ಎಲ್ಲರ ಮುಂದೆ ಹೇಳಿದೆ. ರೈಟರಿಗೂ ಬೇರೆಯಾಗಿ ಹೇಳಿದೆ. ಅವರು ನಕ್ಕು ಜೇಬಿನಿಂದ ಒಂದು ಚಿಕ್ಕ ಪುಸ್ತಕ ತೆಗೆದು ತೋರಿಸಿದರು. ನನ್ನ ಪೇಜ್ ಬಂದ ಮೇಲೂ ಎಲ್ಲಾ ತೂಕವನ್ನೂ ಅದರಲ್ಲಿ ಬರೆದುಕೊಳ್ಳುತ್ತಿದ್ದಾರೆ. ಒಂದು ದಿನವೂ ಬಿಟ್ಟಿಲ್ಲ.

ಹೊಸಬರಿಗೂ ಶುಕ್ರವಾರದ ಬಾಕಿ ಕೊಟ್ಟೆ. ಕೆಲವು ದಿನ 15ರವರಿಗೆ ಜಾಸ್ತಿಯೂ ಹೋಗಿದೆ. ವಾಪಸ್ ಕೇಳೋದಾ ಅಂತ ಚಿಕ್ಕಪ್ಪನನ್ನು ಕೇಳಿದೆ. "ನಿನ್ನ ಕಂಪ್ಯೂಟರ್ ಕೊಟ್ಟಿದ್ದು, ನಿನ್ನ ಹತ್ತಿರವೇ ಹಿಡಿದುಕೊಳ್ಳುತ್ತೇನೆ" ಎಂದರು. ತಮಾಷೆಯೋ ನಿಜವೋ ಶನಿವಾರ ಗೊತ್ತಾಗುತ್ತದೆ.

ಮಳೆ, ನಿನ್ನ ಚೀಲದ ಪ್ರಶ್ನೆಯನ್ನು ಸಂಜೆ ತೂಕದ ಹೊತ್ತಿನಲ್ಲಿ ಎತ್ತಿದೆ. ನಾಲ್ಕು ಖಾಲಿ ಚೀಲ ಒಟ್ಟಿಗೆ ಹಾಕಿದೆವು. ಮುಳ್ಳು ಅರ್ಧ ಕೆ.ಜಿ. ಮುಟ್ಟಲಿಲ್ಲ. ಹೆಂಗಸರೆಲ್ಲಾ ಚಿಕ್ಕಪ್ಪನ ಮುಖ ನೋಡಿದರು. ನಾಳೆಯಿಂದ ಚೀಲಕ್ಕೆ 100 ಗ್ರಾಂ ಮಾತ್ರ ಕಳೆಯೋದು ಅಂತ ಆಯ್ತು. 15ನೇಯವರು "ಇದನ್ನು ಮೊದಲೇ ಕೇಳಬೇಕಿತ್ತು" ಎಂದರು.

ಹಾಗಾಗಿ ಈಗ - 1 ಇದ್ದ ಕಡೆ - 0.1 ಹಾಕಿದ್ದೇನೆ. ಒಂದು ವಾರದ್ದು ಕೂಡಿಸಿ ನೋಡಿದೆ. ಒಟ್ಟು ಮೊತ್ತದಲ್ಲಿ ಪಾಯಿಂಟ್ ಆದ ಮೇಲೆ ಉದ್ದಕ್ಕೆ ಒಂಬತ್ತು ಒಂಬತ್ತು ಬರುತ್ತಿದೆ. ಇದೇನು ಅಕ್ಕಾ?


ಕಡೂರಿನವಳು | ಸೋಮವಾರ, ರಾತ್ರಿ 8:47

ಗ್ರಾಮಿನಲ್ಲಿ ಇಡಿ. 67 ಅಲ್ಲ, 67000. ಕಳೆಯೋದು 100. ತೋರಿಸುವಾಗ ಮಾತ್ರ ಸಾವಿರದಿಂದ ಭಾಗಿಸಿ. ಯಾಕೆ ಅನ್ನೋದಕ್ಕೆ ಬೇರೆ ಥ್ರೆಡ್ ತೆಗೀರಿ, ಇಲ್ಲಿ ಆಗಲೇ ರಾಮಾಯಣ ಆಗಿದೆ.


ಹಾಸನದ ಹಳೇ ಕೋಡರ್ | ಸೋಮವಾರ, ರಾತ್ರಿ 8:49

ಮತ್ತೆ ಆ ರೈಟರ್ ಪುಸ್ತಕ ಬಿಡಿಸಬೇಡ ಕಣಪ್ಪ.